ಕುರಿತಲೆಗೆ ಚಾಕು ಹಾಕಿದ ಡಾಕ್ಟರ್

ತಲೆ ಬಂತು.

ಬೇಯಿಸಿದ ಕುರಿಯ ತಲೆ, ಅಗಲವಾದ ತಟ್ಟೆಯಲ್ಲಿ, ಮೂತಿ ನೇರವಾಗಿ ಪ್ರೊಫೆಸರ್ ಮುರ್ಸಾಲಿಮ್ ಅವರ ಕಡೆಗೆ. ಅದರ ಹಿಂದೆಯೇ ಬೇಯಿಸಿದ ಹಿಟ್ಟಿನ ಹಾಳೆಗಳ ಮೇಲೆ ಮಾಂಸ ಹರಡಿದ ಬೆಶ್‌ಬರ್ಮಾಕಿನ ಹರಿವಾಣಗಳು, ಕುದುರೆ ಮಾಂಸ, ಹಬೆಯಾಡುವ ಸಾರಿನ ಬಟ್ಟಲುಗಳು ಬಂದವು. ಬೆಳಿಗ್ಗೆಯೆಲ್ಲ ತೂಕಡಿಸುತ್ತ ಕೂತಿದ್ದ ಪರೀಕ್ಷಾ ಮಂಡಳಿಗೆ ಈಗ ಜೀವ ಬಂದಿತ್ತು.

ಇವರು ಬೆಳಿಗ್ಗೆ ಕೇಳಿದ ಪ್ರಶ್ನೆಗಳನ್ನು ನಾನೂ ಹಿಂದಿನ ಬೆಂಚಿನಲ್ಲಿ ಕೂತು ಕೇಳಿದ್ದೆ. ಒಬ್ಬರು ‘ಈ ವಿಷಯವನ್ನೇ ಯಾಕೆ ಆರಿಸಿಕೊಂಡಿರಿ’ ಎಂದರು. ಇನ್ನೊಬ್ಬರು ‘ಇದರಿಂದ ದೇಶಕ್ಕೇನು ಲಾಭ’ ಎಂದರು. ಮತ್ತೊಬ್ಬರು ನಿದ್ದೆಯಿಂದೆದ್ದು ಮೊದಲನೆಯವರ ಪ್ರಶ್ನೆಯನ್ನೇ ಇನ್ನೊಮ್ಮೆ ಕೇಳಿದರು. ಯುರೋಪಿನ ಯಾವುದೋ ಊರಿನಿಂದ ಪರದೆಯ ಮೇಲೆ ಕಾಣಿಸಿಕೊಂಡ ವಿದೇಶಿ ಮಾರ್ಗದರ್ಶಕರು, ಇಲ್ಲಿಯ ಮೈಕು ಕೆಟ್ಟು ಏನೂ ಕೇಳಿಸದಿದ್ದರೂ ಕೊನೆಯವರೆಗೆ ತಲೆಯಾಡಿಸಿದರು. ವಿದೇಶಿ ಮಾರ್ಗದರ್ಶಕರು ಇರಲೇಬೇಕೆಂಬುದು ನಿಯಮ. ಅವರಿಗೆ ಕೇಳಿಸಬೇಕೆಂದು ಯಾವ ನಿಯಮವೂ ಇಲ್ಲ.

ಎಲೆಕ್ಟ್ರಿಕಲ್ ಮತ್ತು ಕಂಪ್ಯೂಟರ್ ಎಂಜಿನಿಯರಿಂಗಿಗೆ ಹೊಸ ಡಾಕ್ಟರ್ ಹುಟ್ಟಿದ್ದು ಹೀಗೆ. ಹೆಸರು ಎರ್ಮೆಕ್. ಕಡುನೀಲಿ ಸೂಟು ತೊಟ್ಟು, ಮದುಮಗನ ಹಾಗೆ ಹೋಟೆಲಿನ ಮೇಜಿನ ನಡುವೆ ಕೂತಿದ್ದ.

ನನ್ನನ್ನು, ಅಂದರೆ ಇನ್ಸ್‌ಪೆಕ್ಟರ್ ಕಮ್ಶಾತಳನ್ನು, ಈ ಊಟಕ್ಕೆ ಯಾರೂ ಪ್ರೀತಿಯಿಂದ ಕರೆದಿರಲಿಲ್ಲ. ಹೊಟ್ಟೆ ತುಂಬಿಸಿದರೆ ನನ್ನ ಬಾಯಿ ಮುಚ್ಚುತ್ತದೆಂದು ಲೆಕ್ಕ ಹಾಕಿದ್ದರು. ಬಾತಿಮಾ ಎಂಬ ಹುಡುಗಿ ಎರ್ಮೆಕ್‌ನ ಅಳತೆಗಳನ್ನು ಕದ್ದಿದ್ದಾಳೆಂದು ವಿದ್ಯಾಲಯವೇ ಪೊಲೀಸರಿಗೆ ದೂರು ಕೊಟ್ಟಿತ್ತು. ಸೋಮವಾರ ಅವಳನ್ನು ಹೊರಗೆ ಹಾಕುತ್ತಾರೆ. ಆಮೇಲೆ ದೇಶದ ಯಾವ ವಿದ್ಯಾಲಯವೂ ಅವಳನ್ನು ಬಾಗಿಲೊಳಗೆ ಬಿಡುವುದಿಲ್ಲ.

ಕೊರೆಯುವ ಚಳಿಯಲ್ಲಿ ವಿದ್ಯುತ್ ಕೇಬಲಿನ ಹೊದಿಕೆ ಯಾವಾಗ ಬಿರುಕು ಬಿಡುತ್ತದೆ ಎಂದು ವರ್ಷಗಟ್ಟಲೆ ಅಳೆದವಳು ಬಾತಿಮಾ ಎಂಬುದರಲ್ಲಿ ನನಗೆ ಅನುಮಾನವಿರಲಿಲ್ಲ. ಅವಳ ಬೆರಳ ತುದಿಗಳು ಶೀತಪೆಟ್ಟಿಗೆಯ ಕೆಲಸಕ್ಕೆ ಒಡೆದುಹೋಗಿದ್ದವು. ಎರ್ಮೆಕ್‌ನ ಬೆರಳುಗಳು ಬೆಣ್ಣೆಯಂತಿದ್ದವು. ಆದರೆ ನಕಲು ಹಿಡಿಯುವ ಯಂತ್ರಕ್ಕೆ ಬೆರಳು ಕಾಣುವುದಿಲ್ಲ. ಯಾರ ಪ್ರಬಂಧ ಮೊದಲು ಒಳಗೆ ಹೋಗುತ್ತದೋ ಅವರು ಸಾಚಾ, ಆಮೇಲೆ ಬಂದವರು ಕಳ್ಳರು. ಎರ್ಮೆಕ್‌ನದು ಮೊದಲು ಹೋಗಿತ್ತು.

ಸತ್ಯ ಹೇಳಬಲ್ಲವರು ಒಬ್ಬರೇ ಇದ್ದರು. ಹೈವೋಲ್ಟೇಜ್ ಪ್ರಯೋಗಶಾಲೆಯ ಮುಖ್ಯಸ್ಥ, ಬಾತಿಮಾಳ ಮಾರ್ಗದರ್ಶಕ, ಎರ್ಮೆಕ್‌ನ ಸ್ವಂತ ಅಪ್ಪ ಸೈತ್ಕಾಲಿ ಮೇಷ್ಟ್ರು. ಅವರು ನಾರಿನ್‌ಕೋಲ್ ಕಡೆ ತಂಗಿಯ ಹಳ್ಳಿಯಲ್ಲಿ ಕುದುರೆ ಹಾಲು ಕುಡಿದು ಎದೆನೋವು ವಾಸಿ ಮಾಡಿಕೊಳ್ಳುತ್ತಿದ್ದಾರೆ, ಅಲ್ಲಿ ಫೋನು ಸಿಗುವುದಿಲ್ಲ ಎಂದು ಮನೆಯವರೆಲ್ಲ ಹೇಳಿದ್ದರು. ನಾಳೆ ನಾನೇ ಜೀಪು ಹತ್ತಿ ಅಲ್ಲಿಗೆ ಹೊರಡುವವಳಿದ್ದೆ.

ಮುರ್ಸಾಲಿಮ್ ತಲೆಯ ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿದರು. ಮಂಡಳಿಯ ಅಧ್ಯಕ್ಷರು, ಎಲ್ಲರಿಗಿಂತ ಹಿರಿಯರು, ಅದು ಅವರಿಗೇ ಸಲ್ಲಬೇಕಾದ್ದು. ಆದರೆ ಈ ಮನುಷ್ಯರು ಪದ್ಧತಿಯನ್ನು ಹಬ್ಬದ ಟೋಪಿಯ ಹಾಗೆ ಹಾಕಿ ತೆಗೆಯುವವರು. ನಗುತ್ತ ತಟ್ಟೆಯನ್ನು ಎರ್ಮೆಕ್‌ನ ಮುಂದೆ ಇಟ್ಟರು.

“ತಿಂದು ತಿಂದು ನನಗೆ ಸಾಕಾಗಿದೆ ಕಣಯ್ಯಾ! ಇವತ್ತಿನ ದೊಡ್ಡ ಮನುಷ್ಯ ನೀನು. ಹಿಡಿ ಡಾಕ್ಟ್ರೇ, ಮೊದಲ ಚಾಕು ನಿಂದೇ!”

ಎಲ್ಲರೂ ಹೋ ಎಂದರು.

ಹೀಗೆ ಯಾರಾದರೂ ಮುಂದೆ ಮಾಡಿದಾಗ ಬೇಡವೆನ್ನುವುದೇ ಮರ್ಯಾದೆ. ಅಪ್ಪ ಬದುಕಿರುವ ಗಂಡಸು ಕುರಿತಲೆಗೆ ಚಾಕು ಹಾಕುವುದಿಲ್ಲ. ಎದೆಯ ಮೇಲೆ ಕೈಯಿಟ್ಟು ‘ಅಪ್ಪ ಇದ್ದಾರೆ’ ಎಂದು ಹಿರಿಯರಿಗೆ ದಾಟಿಸುತ್ತಾನೆ. ಓದು ಬರಹವಿಲ್ಲದ ಮನೆಯಲ್ಲೂ ಗಂಡುಮಕ್ಕಳಿಗೆ ಇದನ್ನು ಕಲಿಸಿರುತ್ತಾರೆ. ಅಪ್ಪ ಇರುವಾಗ ತಲೆ ಕೊಯ್ಯುವುದೆಂದರೆ ಅಪ್ಪನ ಸಾವನ್ನು ಕೈಯಾರೆ ಕರೆದ ಹಾಗೆ.

ಎರ್ಮೆಕ್ ಆ ತಟ್ಟೆಯನ್ನೇ ನೋಡಿದ. ನಗು ಮುಖದ ಮೇಲೆ ಹಾಗೇ ಅಂಟಿಕೊಂಡಿತ್ತು. ತುಟಿ ಅಲ್ಲಾಡಿತು, ಮಾತು ಬರಲಿಲ್ಲ. ಆಮೇಲೆ ಚಾಕು ತೆಗೆದುಕೊಂಡ. ಬಲಗೆನ್ನೆಯಿಂದ ಒಂದು ತುಂಡು ಕೊಯ್ದು ಬಾಯಿಗಿಟ್ಟುಕೊಂಡ.

ಚಪ್ಪಾಳೆ ಬಿತ್ತು. ಮೇಜಿನ ಕೊನೆಯಲ್ಲಿದ್ದ ಒಂದಿಬ್ಬರು ಮುದುಕರು ಮುಖ ಮುಖ ನೋಡಿಕೊಂಡರು. ಅಷ್ಟರಲ್ಲಿ ವೋಡ್ಕಾ ಬಂತು, ಅವರೂ ಮರೆತರು. ನಾನು ಮಾತ್ರ ಕೈಯಲ್ಲಿದ್ದ ಎಲುಬನ್ನು ತಟ್ಟೆಗೆ ವಾಪಸ್ಸಿಟ್ಟೆ.

* * *

“ಸಾಹೇಬ್ರೆ, ಒಂದು ದಡ್ಡ ಪ್ರಶ್ನೆ,” ಎಂದೆ ಪಕ್ಕದಲ್ಲಿದ್ದ ಮುರ್ಸಾಲಿಮ್ ಅವರಿಗೆ.

“ಪೊಲೀಸ್ನೋರು ಬೇರೆ ಥರದ್ದು ಕೇಳಿದ್ದು ನಾನಂತೂ ನೋಡಿಲ್ಲ. ಕೇಳಮ್ಮ.”

“ನಿಮ್ಮಲ್ಲಿ ಡಾಕ್ಟರೇಟ್ ಬೇಕು ಅಂದ್ರೆ ಏನೇನು ಆಗಿರ್ಬೇಕು?”

ಅವರು ಜಿಡ್ಡಿನ ಬೆರಳು ಮಡಚತೊಡಗಿದರು. “ಪಾಠ ಎಲ್ಲ ಮುಗಿಸಿರ್ಬೇಕು. ಅರ್ಹತಾ ಪರೀಕ್ಷೆ ದಾಟಿರ್ಬೇಕು. ಹೊರದೇಶದ ಪತ್ರಿಕೇಲಿ ಲೇಖನ ಬಂದಿರ್ಬೇಕು. ಹೊರದೇಶಕ್ಕೆ ಹೋಗಿ ಒಂದಷ್ಟು ದಿನ ಕೂತು ಬಂದಿರ್ಬೇಕು. ಪ್ರಯೋಗ ಮಾಡಿದ್ದು ನಿಜ ಅಂತ ಪ್ರಯೋಗಶಾಲೆ ಮುಖ್ಯಸ್ಥರು ಸಹಿ ಹಾಕಿರ್ಬೇಕು. ಕೊನೆಗೆ ನಮ್ಮಂಥೋರ ಮುಂದೆ ನಿಂತು ಒಪ್ಪಿಸ್ಬೇಕು.”

“ಬುದ್ಧಿ?”

“ಅದು ಐಚ್ಛಿಕ ವಿಷಯ ಕಣಮ್ಮ!” ಎಂದು ತಮ್ಮ ಮಾತಿಗೆ ತಾವೇ ಹೊಟ್ಟೆ ಕುಲುಕಿಸಿ ನಕ್ಕರು. ಎದುರಿಗಿದ್ದ ಇಬ್ಬರು ಕೇಳಿಸದಿದ್ದರೂ ನಕ್ಕರು. ಅಧ್ಯಕ್ಷರು ನಕ್ಕಾಗ ನಗುವುದೂ ಬಹುಶಃ ಅರ್ಹತೆಗಳಲ್ಲಿ ಒಂದು.

“ಮೇಷ್ಟ್ರು ನಡುವೆ ತೀರಿಕೊಂಡ್ರೆ ಏನು ಮಾಡ್ತೀರಿ?”

ಅವರು ಅಗಿಯುವುದನ್ನು ನಿಲ್ಲಿಸಲಿಲ್ಲ. “ಹೊಸಬ್ರನ್ನ ನೇಮಿಸೋದು. ವಿಷಯಕ್ಕೆ ಮತ್ತೆ ಒಪ್ಪಿಗೆ ತಗೊಳೋದು. ಅಳತೆ ಎಲ್ಲ ಹೊಸಬ್ರ ಕಣ್ಣೆದುರಿಗೆ ಇನ್ನೊಂದ್ಸಲ ಮಾಡೋದು. ವರ್ಷಾನುಗಟ್ಟಲೆ ಪಟ್ಟ ಪಾಡು ಮಣ್ಣುಪಾಲು. ಅದಕ್ಕೇ ನಾನು ಹುಡುಗ್ರಿಗೆ ಹೇಳೋದು, ಮೇಷ್ಟ್ರನ್ನ ಆರಿಸೋವಾಗ ವಿದ್ಯೆ ನೋಡ್ಬೇಡ್ರೋ, ಬಿಪಿ ನೋಡ್ರೋ ಅಂತ.”

“ತೀರಿಕೊಂಡಿದ್ದು ಯಾರಿಗೂ ಗೊತ್ತಾಗ್ಲಿಲ್ಲ ಅಂದ್ರೆ?”

“ಸಹಿ ಬರ್ತಾ ಇದ್ರೆ ಮೇಷ್ಟ್ರು ಇದ್ದಾರೆ ಅಂತ್ಲೇ ಲೆಕ್ಕ. ನಾವೇನು ನಾಡಿ ಹಿಡಿದು ನೋಡ್ತೀವಾ?” ಎಂದವರು ತಟ್ಟನೆ ನನ್ನ ಕಡೆ ತಿರುಗಿದರು. “ಯಾಕೆ ಕೇಳ್ತಿದೀಯಾ?”

“ದಡ್ಡ ಪ್ರಶ್ನೆ ಅಂದ್ನಲ್ಲ ಸಾಹೇಬ್ರೆ.”

ಅವರಿಗೆ ಸಮಾಧಾನವಾಯಿತು. ಹೆಂಗಸು, ಅದರಲ್ಲೂ ಪೊಲೀಸು, ದಡ್ಡಿ ಎಂದು ತಾನೇ ಒಪ್ಪಿಕೊಂಡರೆ ಈ ಜನ ಎರಡನೇ ಸಲ ಕೇಳುವುದಿಲ್ಲ. ನಾನು ಬಟ್ಟಲು ಸರಿಸಿ ಎದ್ದು ಅಡುಗೆಮನೆಯ ಕಡೆ ನಡೆದೆ.

* * *

ಸೈತ್ಕಾಲಿ ಮೇಷ್ಟ್ರ ಹೆಂಡತಿ ಕುಲ್ಯಾಶಮ್ಮ ಬೆಳಿಗ್ಗೆಯಿಂದ ಅಡುಗೆಮನೆ ಬಿಟ್ಟು ಹೊರಗೆ ಬಂದಿರಲಿಲ್ಲ. ಹೋಟೆಲಿನ ಅಡುಗೆಯವರಿಗೆ ಮಾಂಸ ಕೊಯ್ಯಲು ಬರುವುದಿಲ್ಲವೆಂದು ಬಿಳಿ ಚೌಕ ಕಟ್ಟಿಕೊಂಡು ತಾವೇ ನಿಂತಿದ್ದರು. ಯಾವ ಎಲುಬು ಯಾವ ಹರಿವಾಣಕ್ಕೆ, ಯಾವುದು ಅಳಿಯನಿಗೆ, ಯಾವುದು ಬೀಗರಿಗೆ ಎಂದು ಅವರೇ ಹೇಳಿ ಕಳಿಸುತ್ತಿದ್ದರು.

ಈಗ ಸೊಂಟದ ಎಲುಬಿನ ದೊಡ್ಡ ತುಂಡೊಂದನ್ನು ಬೆಳ್ಳಿ ಕಾಗದದಲ್ಲಿ ಸುತ್ತುತ್ತಿದ್ದರು.

“ಇದು ನಮ್ಮೆಜಮಾನ್ರಿಗೆ,” ಎಂದರು ನಾನು ಕೇಳುವ ಮೊದಲೇ. “ಎರ್ಮೆಕ್ ನಾಡಿದ್ದು ಹೋಗ್ತಾನೆ. ಪ್ರತಿ ವಾರ ಹೋಗ್ತಾನೆ ನೋಡಮ್ಮ, ಅಷ್ಟು ದೂರ. ಪಾಪ, ಒಂದ್ಸಲಾನೂ ತಪ್ಸಿಲ್ಲ.”

“ನೀವು ಹೋಗ್ಲಿಲ್ವಾ?”

“ನಂಗೆ ಆ ದಾರೀಲಿ ತಲೆ ತಿರುಗುತ್ತೆ ಅಂತ ಇವರೇ ಬೇಡ ಅಂದ್ರಂತೆ. ಎರ್ಮೆಕ್ ಹೇಳ್ದ. ಬೆಚ್ಚಗಿನ ಬನಿಯನ್ನು ಕೇಳಿದ್ರಂತೆ, ಕಳ್ಸಿದೀನಿ. ಮಗ ಡಾಕ್ಟರ್ ಆದ ದಿನ ಅಪ್ಪ ಇರ್ಬೇಕಿತ್ತು. ಇವರಿಬ್ಬರಿಗೂ ಆ ಸಹಿ ವಿಷಯಕ್ಕೆ ಎಷ್ಟು ಜಗಳ ಆಗಿತ್ತು ಗೊತ್ತಾ? ‘ನನ್ನ ಪ್ರಯೋಗಶಾಲೆಗೆ ಕಾಲಿಡದೋನಿಗೆ ಸಹಿ ಹಾಕಲ್ಲ, ಮಗ ಆದ್ರೇನು’ ಅಂತ ಕೂಗಾಡಿದ್ರು. ಈಗ ಹಾಕಿ ಕಳ್ಸಿದಾರೆ. ನೋಡು, ಎಷ್ಟೇ ಆದ್ರೂ ಹೆತ್ತ ಕರುಳು.”

 ನನಗೆ ಈ ವಿದ್ಯಾಲಯದ ಮೇಲೆ ಎಷ್ಟು ತಾತ್ಸಾರವಿತ್ತೋ ಅಷ್ಟೂ ಈ ಹೆಂಗಸಿನ ಮುಂದೆ ಕರಗಿಹೋಯಿತು. ಆದರೂ ಕೇಳಬೇಕಿತ್ತು.

“ಕುಲ್ಯಾಶಮ್ಮ, ನಿಮ್ಮ ಮಗಂಗೆ ನಮ್ಮ ಕಡೆ ರೀತಿ ರಿವಾಜು ಗೊತ್ತಾ? ಇಲ್ಲ ಬರೀ ಕಂಪ್ಯೂಟರೋ?”

ಅವರ ಮುಖ ಅರಳಿತು. “ಅಯ್ಯೋ, ಏನಂದ್ಕೊಂಡೆ? ಹೋದ ವಸಂತದಲ್ಲಿ ಅತ್ತೆಮನೇಲಿ ತಲೆ ತಂದು ಇವನ ಮುಂದೆ ಇಟ್ರು. ಪರೀಕ್ಷೆ ಮಾಡೋಕೇ ಇಟ್ಟಿದ್ದು, ಪಟ್ಟಣದ ಹುಡುಗ ಏನ್ಮಾಡ್ತಾನೆ ಅಂತ. ಇವನು ಎದೆ ಮೇಲೆ ಕೈಯಿಟ್ಕೊಂಡು ‘ನಮ್ಮಪ್ಪ ಇದ್ದಾರೆ, ನೀವೇ ತಗೊಳ್ಳಿ’ ಅಂದ. ಬೀಗರು ಇವತ್ತಿಗೂ ಹೇಳ್ತಾರೆ. ನಾನು ಬೆಳೆಸಿದ ಮಗ ಅವನು.”

ಬೆಳ್ಳಿ ಕಾಗದದ ಅಂಚು ಮಡಚಿ ಗಟ್ಟಿಯಾಗಿ ಒತ್ತಿದರು.

“ಇವತ್ತು ತಲೆ ಯಾರು ಕೊಯ್ದ್ರು? ಮುರ್ಸಾಲಿಮ್ ತಾನೆ?”

“ಹೂಂ,” ಎಂದೆ. “ಮುರ್ಸಾಲಿಮ್.”

ಪೊಲೀಸು ಕೆಲಸದಲ್ಲಿ ಸುಳ್ಳು ಹೇಳುವುದು ನನಗೆ ಹೊಸದಲ್ಲ. ಇದನ್ನು ಹೇಳುವಾಗ ಮಾತ್ರ ಅವರ ಮುಖ ನೋಡಲಾಗಲಿಲ್ಲ.

* * *

ಎರ್ಮೆಕ್ ಹೊರಗಿನ ಜಗಲಿಯಲ್ಲಿ ಒಬ್ಬನೇ ಸಿಗರೇಟು ಸೇದುತ್ತಿದ್ದ. ಕೆಳಗೆ ವಾಹನಗಳು ನಿಂತಿದ್ದವು, ಅದರಾಚೆ ಬೆಟ್ಟಗಳ ಮೇಲೆ ಹೊಸ ಹಿಮ ಬಿದ್ದಿತ್ತು. ನನ್ನನ್ನು ನೋಡಿ ಸಿಗರೇಟು ಆರಿಸಿದ. ಹಿರಿಯರ ಮುಂದೆ ಸೇದಬಾರದೆಂಬ ರಿವಾಜೂ ಅವನಿಗೆ ಗೊತ್ತಿತ್ತು.

“ಅಭಿನಂದನೆ ಡಾಕ್ಟ್ರೇ.”

“ಥ್ಯಾಂಕ್ಸ್ ಅಕ್ಕ. ಊಟ ಆಯ್ತಾ? ಇನ್ನೂ ಅನ್ನದ ಪ್ಲೋವ್ ಬರ್ಬೇಕು.”

“ಆಯ್ತಪ್ಪ. ಕುರಿ ಚೆನ್ನಾಗಿತ್ತಾ?”

“ಯಾವುದು?”

“ಕೆನ್ನೆ. ನೀನೇ ಕೊಯ್ಕೊಂಡು ತಿಂದ್ಯಲ್ಲ.”

ಅವನು ನಕ್ಕ. ಎರಡನೇ ದರ್ಜೆಯ ನಗು. “ಓ, ಅದಾ. ಮುರ್ಸಾಲಿಮ್ ಸಾರ್ ಕೊಟ್ರು, ತಗೊಂಡೆ. ಹಳ್ಳಿ ಕಡೆ ಪದ್ಧತಿ ಎಲ್ಲ ನಮಗೆಲ್ಲಿ ಗೊತ್ತಾಗುತ್ತೆ ಅಕ್ಕ? ನಾವು ಪಟ್ಟಣದಲ್ಲಿ ಬೆಳೆದೋರು.”

“ಹೋದ ವಸಂತದಲ್ಲಿ ಗೊತ್ತಿತ್ತಲ್ಲ.”

ಅವನು ಆರಿದ ಸಿಗರೇಟಿನ ತುಂಡನ್ನು ಬೆರಳಲ್ಲಿ ಪುಡಿ ಮಾಡಿದ.

“ನಿಮ್ಮಮ್ಮ ಈಗ ತಾನೆ ಹೇಳಿದ್ರು,” ಎಂದೆ. “ಎದೆ ಮೇಲೆ ಕೈಯಿಟ್ಕೊಂಡ್ಯಂತೆ. ‘ನಮ್ಮಪ್ಪ ಇದ್ದಾರೆ’ ಅಂದ್ಯಂತೆ. ಹೆಮ್ಮೆಯಿಂದ ಹೇಳಿದ್ರು ಪಾಪ. ಬೆಳ್ಳಿ ಕಾಗದದಲ್ಲಿ ಮಾಂಸ ಕಟ್ಟಿ ಇಟ್ಟಿದಾರೆ ನಿಮ್ಮಪ್ಪಂಗೆ. ಆ ಪೊಟ್ಟಣಗಳನ್ನ ಪ್ರತಿ ವಾರ ಏನ್ಮಾಡ್ತೀಯಾ ಎರ್ಮೆಕ್?”

ಅವನು ಬೆಟ್ಟಗಳ ಕಡೆ ತಿರುಗಿದ.

“ಚರೀನ್ ಕಣಿವೆ ದಾಟಿದ್ಮೇಲೆ ರಸ್ತೆ ಪಕ್ಕ ಯಾರಾದ್ರೂ ಕುರಿ ಕಾಯೋರು ಸಿಕ್ತಾರೆ. ಕೊಟ್ಬಿಡ್ತೀನಿ.”

“ಬನಿಯನ್ನು?”

“ಅದೂ.”

ಥೂ ಎನ್ನಬೇಕೆನಿಸಿತು. ಅಪ್ಪನ ಸಹಿ ಗೀಚಿದ್ದಾನೆ. ಇನ್ನೊಬ್ಬಳ ಬೆವರನ್ನು ತನ್ನದೆಂದು ಒಪ್ಪಿಸಿದ್ದಾನೆ. ಹೆತ್ತ ತಾಯಿ ಕಟ್ಟಿಕೊಟ್ಟದ್ದನ್ನು ದಾರಿಯಲ್ಲಿ ಹಂಚಿ ಬಂದು, ಅಪ್ಪ ರುಚಿಯಾಗಿದೆ ಅಂದರು ಎಂದು ಹೇಳಿದ್ದಾನೆ. ಇದಕ್ಕೆಲ್ಲ ಇವತ್ತು ಬೆಳಿಗ್ಗೆ ಮಂಡಳಿಯವರು ಒಮ್ಮತದಿಂದ ಕೈಯೆತ್ತಿದ್ದಾರೆ.

“ಇಷ್ಟು ಸುಳ್ಳು ಹೇಳಿದೋನು ಇನ್ನೊಂದು ಹೇಳೋಕೇನಾಗಿತ್ತು?” ಎಂದೆ. “ಎದೆ ಮೇಲೆ ಕೈಯಿಟ್ಟು ಅಪ್ಪ ಇದ್ದಾರೆ ಅಂದಿದ್ರೆ ನಂಗೆ ಏನೂ ಗೊತ್ತಾಗ್ತಿರ್ಲಿಲ್ಲ. ಆ ತಟ್ಟೆ ಆಚೆ ತಳ್ಳಿದ್ರೆ ಮುಗೀತಿತ್ತಲ್ಲೋ.”

“ಅನ್ನೋಕೆ ಹೋದೆ ಅಕ್ಕ.” ಅವನ ದನಿ ಒಡೆಯಿತು. “ಮಂಡಳಿ ಮುಂದೆ ಹೇಳಿದೀನಿ. ಅಮ್ಮನ ಮುಂದೆ ಹೇಳಿದೀನಿ. ನಿಮ್ಮ ಮುಂದೆ ಎಷ್ಟು ಸಲ ಹೇಳಿದೀನೋ. ಆ ತಲೆ ಮುಂದೆ ಮಾತ್ರ ಬಾಯಿಗೆ ಬರ್ಲಿಲ್ಲ. ಸತ್ತ ಅಪ್ಪನ್ನ ಇದ್ದಾರೆ ಅಂತ ಅಲ್ಲಿ ಹೇಗೆ ಹೇಳ್ಲಿ? ಕೈ ತಾನಾಗೇ ಚಾಕು ತಗೊಂಡ್ಬಿಡ್ತು.”

ನನಗೆ ಅವನ ಮೇಲೆ ಕನಿಕರ ಬರಲಿಲ್ಲ. ಒಂದು ಬಗೆಯ ಅಚ್ಚರಿ ಬಂತು. ವಿಜ್ಞಾನ, ವಿದ್ಯಾಲಯ, ಸಹಿ, ಪ್ರಮಾಣ, ತಾಯಿ ಇವೆಲ್ಲದರ ಮುಂದೆ ನಿರಾಳವಾಗಿ ಸುಳ್ಳಾಡಿದವನು ಒಂದು ಬೆಂದ ಕುರಿಯ ಮುಂದೆ ಪ್ರಾಮಾಣಿಕನಾಗಿದ್ದ. ಇಡೀ ಡಾಕ್ಟರೇಟಿನಲ್ಲಿ ಅವನು ಆಡಿದ ಒಂದೇ ನಿಜ ಅದು.

“ಕೈ ಮುಂದೆ ಮಾಡು,” ಎಂದೆ. “ಗಲಾಟೆ ಬೇಡ. ಅಡುಗೆಮನೆ ಕಡೆಯಿಂದ ಬೇಡ, ಹಿಂದಿನ ಮೆಟ್ಟಿಲಿಂದ ಇಳಿಯೋಣ. ನಿಮ್ಮಮ್ಮ ನೋಡೋದು ಬೇಡ.”

“ನಾನು ಕೊಂದಿಲ್ಲ.”

“ಎಲ್ಲರೂ ಹಾಗೇ ಅನ್ನೋದು.”

“ನಾನು ಕೊಂದಿಲ್ಲ ಅಕ್ಕ! ಅವತ್ತು ನಾನು ಅಲ್ಲಿ ಇರ್ಲೇ ಇಲ್ಲ. ಅಪ್ಪ ಹೋಗ್ಬಿಟ್ರು ಅಂತ ನಂಗೆ ಫೋನ್ ಬಂತು.”

“ಯಾರು ಮಾಡಿದ್ದು?”

ಅವನು ಜಗಲಿಯ ಕಂಬಿಯ ಮೇಲಿಂದ ಕೆಳಗೆ ಬೆರಳು ತೋರಿಸಿದ. ವಾಹನಗಳ ಸಾಲಿನಲ್ಲಿ ನನ್ನ ಹಳೆಯ ಜೀಪು ನಿಂತಿತ್ತು. ಅದರೊಳಗೆ, ಮುಂದಿನ ಸೀಟಿನಲ್ಲಿ, ನಾನೇ ಕರೆತಂದು ಕೂರಿಸಿದ್ದ ಹುಡುಗಿ ಕೂತಿದ್ದಳು.

“ಯಾರನ್ನ ಉಳಿಸ್ಬೇಕು ಅಂತ ನೀವು ಊರೆಲ್ಲ ಓಡಾಡ್ತಿದೀರೋ, ಅವಳೇ. ಯಾರು ಕೊಂದಿದ್ದು ಅಂತ್ಲೂ ಅವಳನ್ನೇ ಕೇಳಿ.”

* * *

ಎರ್ಮೆಕ್‌ನನ್ನು ಕೆಳಗಿದ್ದ ಕಾನ್‌ಸ್ಟೇಬಲ್‌ಗೆ ಒಪ್ಪಿಸಿ ಜೀಪಿನತ್ತ ನಡೆದೆ. 

ನಿಜ ಹೇಳಬೇಕೆಂದರೆ ನನಗೆ ಕೋಪ ಬಂದಿತ್ತು. ಈ ವಿದ್ಯಾಲಯದಲ್ಲಿ ಕಂಡವರನ್ನೆಲ್ಲ ನಾನು ಹೀಗಳೆದಿದ್ದೆ. ಮುರ್ಸಾಲಿಮ್ ಅವರನ್ನು, ಮಂಡಳಿಯನ್ನು, ಪರದೆಯ ಮೇಲಿನ ಆ ತಲೆಯಾಡಿಸುವವರನ್ನು, ಎಲ್ಲರನ್ನೂ. ಅಷ್ಟೂ ಕೊಳಕಿನ ನಡುವೆ ಒಬ್ಬಳಾದರೂ ಸಾಚಾ ಇದ್ದಾಳೆಂಬ ನಂಬಿಕೆ ನನಗೆ ಬೇಕಾಗಿತ್ತು. ಒಡೆದ ಬೆರಳು ನೋಡಿ ನಂಬಿದ್ದೆ. ಬೇರೇನನ್ನೂ ನೋಡಿರಲಿಲ್ಲ.

ಬಾಗಿಲು ತೆಗೆದು ಸ್ಟೀರಿಂಗ್ ಹಿಂದೆ ಕೂತೆ. ಬಾತಿಮಾ ಸೂರ್ಯಕಾಂತಿ ಬೀಜದ ಪೊಟ್ಟಣವನ್ನು ಮಡಚಿ ಜೇಬಿಗಿಟ್ಟುಕೊಂಡಳು.

“ಏನಾಯ್ತಕ್ಕ? ಮುರ್ಸಾಲಿಮ್ ಸಾರ್ ಒಪ್ಪಿದ್ರಾ? ನನ್ನ ಮಾತು ಕೇಳ್ತಾರಂತಾ?”

“ನಿಮ್ಮ ಮೇಷ್ಟ್ರು ಬದುಕಿದಾರಾ ಬಾತಿಮಾ?”

ಅವಳು ಕಿಟಕಿಯಾಚೆ ಹೋಟೆಲಿನ ಬಾಗಿಲ ಕಡೆ ನೋಡಿದಳು. 

“ಎರ್ಮೆಕ್ ಕುರಿತಲೆ ಕೊಯ್ದ,” ಎಂದೆ. “ಎಲ್ಲರ ಎದುರಿಗೆ.”

ಅವಳೂ ಇಲ್ಲಿಯ ಹುಡುಗಿ. ನಾನು ಬಿಡಿಸಿ ಹೇಳಬೇಕಾಗಿರಲಿಲ್ಲ. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು.

“‘ಸೈತ್ಕಾಲಿ ಮೇಷ್ಟ್ರು ಬಂದು ಹೇಳ್ತಾರೆ, ಅವರನ್ನ ಕೇಳಿ, ಅವರನ್ನ ಕರ್ಸಿ’ ಅಂತ ನನ್ನ ತಲೆ ತಿಂದ್ಯಲ್ಲೇ! ಸತ್ತೋರನ್ನ ಸಾಕ್ಷಿಗೆ ಕರೀತಿದ್ಯಲ್ಲ, ನಾಚಿಕೆ ಆಗ್ಲಿಲ್ವಾ?”

“ಬೇರೆ ಏನು ಹೇಳ್ಲಿ ಅಕ್ಕ? ನಾನು ಅಳೆದಿದ್ದು ನೋಡಿದೋರು ಅವರೊಬ್ರೇ. ಅದು ನಿಜ. ಅವರಿಲ್ಲ ಅಂದ್ಬಿಟ್ರೆ ನಂದೂ ಮುಗೀತಿತ್ತು. ಹೊಸ ಮೇಷ್ಟ್ರು, ಹೊಸ ಒಪ್ಪಿಗೆ, ಎಲ್ಲ ಮೊದಲಿಂದ. ನಮ್ಮನೇಲಿ ಇನ್ನೊಂದ್ಸಲ ಓದ್ಸೋ ಶಕ್ತಿ ಇಲ್ಲ. ಎರ್ಮೆಕ್‌ನೇ ಹೇಳಿದ್ದು, ಇಬ್ರ ಪರೀಕ್ಷೇನೂ ಮುಗೀಲಿ, ಅಲ್ಲೀವರೆಗೂ ಅಪ್ಪ ನಾರಿನ್‌ಕೋಲ್‌ನಲ್ಲಿ ಇರ್ತಾರೆ, ನಿನ್ನ ಸಹೀನೂ ನಾನೇ ತಂದ್ಕೊಡ್ತೀನಿ ಅಂತ. ಒಪ್ಕೊಂಡೆ. ಮೇಷ್ಟ್ರನ್ನ ಆ ರಾತ್ರೀನೇ ಇಬ್ರೂ ಸೇರಿ ಬೆಟ್ಟದ ಕಡೆ ಮಣ್ಣು ಮಾಡಿದ್ವಿ. ಆಮೇಲೆ ನನ್ನ ಅಳತೇನೇ ಕದ್ದು ಮೊದಲು ಹಾಕ್ಬಿಟ್ಟ. ನಾನು ಬಾಯಿ ಬಿಡೋ ಹಾಗಿಲ್ಲ ಅಂತ ಅವನಿಗೆ ಗೊತ್ತಿತ್ತು.”

“ಯಾಕೆ ಬಾಯಿ ಬಿಡೋ ಹಾಗಿರ್ಲಿಲ್ಲ?”

ಅವಳು ಕೈ ಕೆಳಗಿಳಿಸಿ ಆ ಬೆರಳುಗಳನ್ನೇ ನೋಡಿಕೊಂಡಳು.

“ಸ್ವಿಚ್ ಒತ್ತಿದ್ದು ನಾನು.”

ಮೇಲಿನ ಹಾಲ್‌ನಿಂದ ಹಾಡು ಶುರುವಾಗಿತ್ತು. ಯಾರೋ ದೊಂಬ್ರಾ ಮೀಟುತ್ತಿದ್ದರು. ನಾನು ಕಿಟಕಿಯ ಗಾಜು ಏರಿಸಿದೆ.

“ಸರಿಯಾಗಿ ಹೇಳು.”

“ಪರೀಕ್ಷೆ ಮಾಡೋ ಕೇಬಲ್ ಕಬ್ಬಿಣದ ಪಂಜರದೊಳಗೆ ಇರುತ್ತೆ. ಸ್ವಿಚ್ ಇರೋದು ಪಕ್ಕದ ಕೋಣೇಲಿ. ನಾನು ಕೂರೋ ಜಾಗದಿಂದ ಪಂಜರ ಕಾಣಲ್ಲ, ಟ್ರಾನ್ಸ್‌ಫಾರ್ಮರ್ ಅಡ್ಡ ಇದೆ. ಬಾಗಿಲು ತೆಗೆದಿದ್ರೆ ಕರೆಂಟ್ ತಾನಾಗೇ ನಿಲ್ಬೇಕು, ಆದ್ರೆ ಹಾಗೆ ನಿಲ್ಸೋ ಬೀಗ ಕೆಟ್ಟು ಎಷ್ಟೋ ತಿಂಗಳಾಗಿತ್ತು. ಖರ್ಚಿಗೆಲ್ಲ ಸಹಿ ಹಾಕೋ ಮುರ್ಸಾಲಿಮ್ ಸಾರ್ ರಿಪೇರಿಗೆ ಒಪ್ಪಿಗೆ ಕೊಡ್ತಾನೇ ಇರ್ಲಿಲ್ಲ. ಅದಕ್ಕೇ ಮೇಷ್ಟ್ರು ಒಂದು ನಿಯಮ ಮಾಡಿದ್ರು. ಪಂಜರ ಖಾಲಿ ಇದೆ ಅಂತ ಅವರೇ ಬಾಯ್ಬಿಟ್ಟು ಹೇಳ್ಬೇಕು. ಸ್ಪೀಕರ್‌ನಲ್ಲಿ ಅವರ ದನಿ ಕೇಳ್ದೆ ನಾನು ಯಾವತ್ತೂ ಒತ್ತಿದ್ದೇ ಇಲ್ಲ.”

“ಅವತ್ತು ಕೇಳ್ದೆ ಒತ್ತಿದ್ಯಾ?”

“ಕೇಳ್ತು ಅಕ್ಕ.” ಕಣ್ಣೀರು ಗಲ್ಲದ ಮೇಲೆ ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. “ಅವರದೇ ದನಿ. ‘ಒಳಗೆ ಯಾರೂ ಇಲ್ಲ, ಒತ್ತು ಮಗಳೇ’ ಅಂದ್ರು. ನಾನು ಒತ್ತಿದೆ. ಓಡಿ ಹೋಗಿ ನೋಡ್ದಾಗ ಪಂಜರದೊಳಗೆ ಬಿದ್ದಿದ್ರು, ಕೈಯಲ್ಲಿ ಕೇಬಲಿನ ತುದಿ. ಅವತ್ತಿಂದ ಇವತ್ತಿನವರೆಗೂ ಅದನ್ನೇ ಯೋಚಿಸ್ತಿದೀನಿ. ಸಾಯ್ಬೇಕು ಅಂತ್ಲೇ ಹೇಳಿದ್ರಾ, ನನ್ನ ಕೈಯಿಂದ್ಲೇ ಸಾಯ್ಬೇಕು ಅಂತ ಯಾಕನ್ನಿಸ್ತು ಅವರಿಗೆ, ನಾನೇನು ಮಾಡಿದ್ದೆ ಅಂತ.”

“ಪಂಜರದೊಳಗಿಂದ ಮಾತಾಡಿದ್ರಾ?”

“ಹೂಂ, ಸ್ಪೀಕರ್‌ನಲ್ಲಿ…”

ಅಲ್ಲಿಗೆ ಅವಳ ಮಾತು ನಿಂತಿತು. ಹುಬ್ಬು ಗಂಟಿಕ್ಕಿತು. ಇಷ್ಟು ದಿನ ತನ್ನ ತಪ್ಪನ್ನೇ ನೋಡಿಕೊಂಡು ಕೂತಿದ್ದ ಹುಡುಗಿ ಮೊದಲ ಸಲ ಆ ಕೋಣೆಯನ್ನು ಕಣ್ಣ ಮುಂದೆ ತಂದುಕೊಂಡ ಹಾಗಿತ್ತು.

“ಅಕ್ಕ,” ಎಂದಳು ನಿಧಾನವಾಗಿ. “ಪಂಜರದೊಳಗೆ ಮೈಕಿಲ್ಲ. ಮೈಕಿರೋದು ಮೇಷ್ಟ್ರ ಕೋಣೇಲಿ. ಅವರು ಪಂಜರದಲ್ಲಿದ್ದಾಗ ಅಲ್ಲಿಂದ ಅವರ ದನಿ ಹಾಕಿದ್ದು ಯಾರು?”